ಕೋಚ್ ಕ್ಲೈವ್ ಮೇಲೆ ಪೂರ್ಣ ವಿಶ್ವಾಸ

ಶನಿವಾರ ಬೆಳಿಗ್ಗೆ ಏಳೂವರೆಗೆ ಕ್ಲೈವ್ ಥ್ರಪ್ ಬೆಂದ ಮೊಟ್ಟೆಯ ತಲೆ ಒಡೆಯುತ್ತಿದ್ದಾಗ ಹೆಂಡತಿ ಮೋರೀನ್ ‘ಹ್ಯಾಕಲ್ಟನ್ ವಾರ್ತೆ’ಯ ಕೊನೆಯ ಪುಟವನ್ನು ಮಡಿಸಿ ಅವನ ತಟ್ಟೆಯ ಪಕ್ಕ ಇಟ್ಟಳು. ಮೋರೀನ್ ಮಾತಿಲ್ಲದೆ ಏನನ್ನಾದರೂ ಮುಂದಿಟ್ಟಳೆಂದರೆ ಅದು ಶುಭ ಸಮಾಚಾರವಲ್ಲ ಎಂಬುದು ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಕ್ಲೈವ್‌ಗೆ ಗೊತ್ತಾಗಿತ್ತು.

‘ಕೋಚ್ ಕ್ಲೈವ್ ಮೇಲೆ ನನಗೆ ಪೂರ್ಣ ವಿಶ್ವಾಸವಿದೆ: ಕ್ಲಬ್ ಅಧ್ಯಕ್ಷ ಡಕ್ವರ್ತ್’ ಎಂದು ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು.

ಕ್ಲೈವ್‌ನ ಚಮಚ ಮೊಟ್ಟೆಯೊಳಗೇ ನಿಂತಿತು.

“ಮುಗೀತು ಕಣೇ,” ಅಂದ.

ಫುಟ್‌ಬಾಲ್ ಊರುಗಳಲ್ಲಿ ಇದೊಂದು ವಿಚಿತ್ರ ಸಂಪ್ರದಾಯ. ಅಧ್ಯಕ್ಷರು ಕೋಚ್‌ನ ಸುದ್ದಿಯನ್ನೇ ಎತ್ತದಿದ್ದರೆ ಕೋಚ್ ಕ್ಷೇಮ. ನಾಲ್ಕು ಜನರೆದುರು ಹಿಗ್ಗಾಮುಗ್ಗಾ ಬೈದರೆ ಇನ್ನೂ ಕ್ಷೇಮ. ಆದರೆ ಪೇಪರಿನಲ್ಲಿ ‘ಪೂರ್ಣ ವಿಶ್ವಾಸವಿದೆ’ ಅಂದುಬಿಟ್ಟರೋ, ಅವನ ಕತೆ ಮುಗಿಯಿತೆಂದೇ ಅರ್ಥ. ಹ್ಯಾಕಲ್ಟನ್ ಟೌನ್ ಕ್ಲಬ್ಬಿನ ಹಿಂದಿನ ಕೋಚ್ ಮೇಲೆ ಗುರುವಾರ ವಿಶ್ವಾಸ ಪ್ರಕಟವಾಗಿತ್ತು, ಶನಿವಾರ ಅವನ ಕೋಣೆಯ ಬಾಗಿಲಿಂದ ಹೆಸರಿನ ಹಲಗೆ ಕಳಚಿತ್ತು. ಅವನಿಗಿಂತ ಹಿಂದಿನವನಿಗೆ ಅಷ್ಟು ಗಡುವೂ ಸಿಕ್ಕಿರಲಿಲ್ಲ.

ಕ್ಲೈವ್ ಹದಿನೇಳು ವರ್ಷ ಮೈದಾನದ ನಟ್ಟನಡುವೆ ಆಡಿದವನು. ಹನ್ನೊಂದು ಕ್ಲಬ್ಬು, ಹನ್ನೊಂದು ಊರು. ಅವನ ಆಟದ ಗುಟ್ಟು ಒಂದೇ: ಕಾಲಿಗೆ ಚೆಂಡು ಬಂದ ಕೂಡಲೇ ಪಕ್ಕದವನಿಗೆ ತಳ್ಳುವುದು. ಮುಂದಕ್ಕೆ ತಳ್ಳಿದರೆ ಎದುರಾಳಿ ಕಸಿದಾನು, ಹಿಂದಕ್ಕೆ ತಳ್ಳಿದರೆ ಜನ ಉಗಿದಾರು, ಪಕ್ಕಕ್ಕೆ ತಳ್ಳಿದರೆ ಯಾರ ತಂಟೆಯೂ ಇಲ್ಲ. ಇಡೀ ಜನ್ಮದಲ್ಲಿ ಅವನು ಹೊಡೆದದ್ದು ಒಂದೇ ಗೋಲು, ಅದೂ ಬಗ್ಗಿ ಬೂಟಿನ ದಾರ ಕಟ್ಟುತ್ತಿದ್ದಾಗ ಯಾರೋ ಒದ್ದ ಚೆಂಡು ಬೆನ್ನಿಗೆ ಬಡಿದು ಒಳಗೆ ಹೋದದ್ದು. ಮೊಣಕಾಲು ಕೈಕೊಟ್ಟ ಮೇಲೆ ಕೋಚ್ ಆದ. ತನಗೆ ಗೊತ್ತಿದ್ದ ವಿದ್ಯೆಯನ್ನೇ ಹುಡುಗರಿಗೂ ಧಾರೆಯೆರೆದ. ಫಲವಾಗಿ ಹ್ಯಾಕಲ್ಟನ್ ಟೌನ್ ಒಂಬತ್ತು ಆಟದಿಂದ ಗೆಲುವಿನ ಮುಖ ಕಂಡಿರಲಿಲ್ಲ.

“ನೋಡು ಕ್ಲೈವ್,” ಅಂದಳು ಮೋರೀನ್, ಕೆಟಲ್ ಒಲೆಯಿಂದಿಳಿಸುತ್ತಾ. “ನಿನ್ನ ಹಿಂದೆ ಹನ್ನೊಂದು ಊರು ಸುತ್ತಿದೀನಿ. ಇಲ್ಲಿ ನನ್ನ ತಂಗಿ ಇದಾಳೆ, ಚರ್ಚಿನ ಹಾಡಿನ ಗುಂಪಿದೆ. ಇನ್ನೊಂದು ಸಲ ಸಾಮಾನು ಕಟ್ಟಿ ಲಾರಿ ಹತ್ತು ಅಂದ್ರೆ ನೀನೊಬ್ನೇ ಹತ್ಕೊ. ನಾನಂತೂ ಬರಲ್ಲ.”

“ನಂಗೂ ಹೋಗೋಕೆ ಇಷ್ಟ ಇಲ್ಲ ಕಣೇ!” ಅಂದ ಕ್ಲೈವ್. ಅದು ನಿಜವೇ ಆಗಿತ್ತು. ಸದಾ ಮೋಡ ಮುಸುಕಿದ, ಎಲ್ಲರೂ ಎಲ್ಲರ ವಿಷಯದಲ್ಲೂ ಮೂಗು ತೂರಿಸುವ ಈ ಊರು ಅವನಿಗೆ ಹೇಗೋ ಹಿಡಿಸಿಬಿಟ್ಟಿತ್ತು. “ಇವತ್ತು ಮೂರು ಗಂಟೆಗೆ ಆಟ. ಇವತ್ತೊಂದು ಗೆದ್ದುಬಿಟ್ರೆ ಗೆದ್ದ ಕೋಚ್‌ನ ಯಾರೂ ಕೆಲಸದಿಂದ ತೆಗೆಯಲ್ಲ. ಅಲ್ಲೀವರೆಗೂ ಡಕ್ವರ್ತ್ ಸಾಹೇಬರ ಕಣ್ಣಿಗೆ ಬೀಳಬಾರದು ಅಷ್ಟೇ. ಎದುರಿಗೆ ಸಿಗದೋನನ್ನ ಹೇಗೆ ತೆಗೀತಾರೆ?”

ಅಷ್ಟರಲ್ಲಿ ಟೆಲಿಫೋನ್ ರಿಂಗಾಯಿತು. ಕ್ಲೈವ್ ಎರಡೂ ಕೈ ಆಡಿಸಿ ‘ಇಲ್ಲ, ಇಲ್ಲ’ ಎಂದು ಸನ್ನೆ ಮಾಡಿದ. ಮೋರೀನ್ ಎತ್ತಿಕೊಂಡು, “ಸ್ನಾನಕ್ಕೆ ಹೋಗಿದಾರೆ ಸರ್... ಹಾಂ? ಅರ್ಜೆಂಟಾ?... ನೀವೇ ಬರ್ತೀರಾ?” ಅಂದು ಇಟ್ಟಳು. “ಹತ್ತು ನಿಮಿಷದಲ್ಲಿ ಇಲ್ಲಿರ್ತಾರಂತೆ.”

ಕ್ಲೈವ್ ಅರ್ಧ ತಿಂದ ಮೊಟ್ಟೆ ಬಿಟ್ಟು ಹಿತ್ತಿಲಿಗೆ ಓಡಿದ. ಗೋಡೆ ಹತ್ತಿ ಆಚೆ ಧುಮುಕಿದ್ದು ನೇರ ಪಕ್ಕದ ಮನೆಯ ಅರ್ನೆಸ್ಟ್ ಕ್ಲೆಗ್‌ನ ಗೊಬ್ಬರದ ಗುಡ್ಡೆಗೆ. ಬಸ್ಸಿನ ಡ್ರೈವರಾಗಿ ನಿವೃತ್ತನಾದ ಅರ್ನೆಸ್ಟ್ ತನ್ನ ಪಾರಿವಾಳಗಳಿಗೆ ಕಾಳು ಹಾಕುತ್ತಿದ್ದವನು, ಕ್ಲೈವ್‌ನನ್ನು ಕಂಡೊಡನೆ ಟೋಪಿ ತೆಗೆದು ಎದೆಗೆ ಒತ್ತಿಕೊಂಡ.

“ಪೇಪರ್ ನೋಡ್ದೆ ಮಾರಾಯ. ತುಂಬಾ ಬೇಜಾರಾಯ್ತು. ಒಳ್ಳೆ ಮನುಷ್ಯ ಆಗಿದ್ದೆ.”

“ಆಗಿದ್ದೆ ಏನು, ಇನ್ನೂ ಇದೀನಲ್ಲ!”

“ನನ್ನ ಹೆಂಡ್ತಿ ನಿಮ್ಮನೆಗೆ ಅಂತ ಮಾಂಸದ ಪೈ ಮಾಡ್ತಿದಾಳೆ. ಇಂಥಾ ಹೊತ್ತಲ್ಲಿ ಒಲೆ ಹಚ್ಚೋಕೆ ಮನಸ್ಸು ಬರಲ್ಲ ಅಂತ.”

ಬೀದಿಯಲ್ಲಿ ಕಾರು ನಿಂತ ಸದ್ದಾಯಿತು. ಅರ್ನೆಸ್ಟ್ ಕ್ಲೈವ್‌ನನ್ನು ಪಾರಿವಾಳದ ಗೂಡಿನೊಳಗೆ ನೂಕಿ ಚಿಲಕ ಹಾಕಿದ. ಅಲ್ಲಿಗೆ ಸುಮ್ಮನಿದ್ದರೆ ಅವನು ಅರ್ನೆಸ್ಟ್ ಹೇಗಾದಾನು? ಗೋಡೆಯ ಮೇಲಿಂದ ಕತ್ತು ಚಾಚಿ, ಯಾರೂ ಕೇಳದಿದ್ದರೂ, “ಸಾಹೇಬ್ರೇ, ಕ್ಲೈವ್ ಇಲ್ಲಿಲ್ಲ! ನನ್ನ ಪಾರಿವಾಳದ ಗೂಡಲ್ಲಂತೂ ಇಲ್ವೇ ಇಲ್ಲ!” ಎಂದು ಕೂಗಿದ.

ಪುಣ್ಯಕ್ಕೆ ಹಂಫ್ರಿ ಡಕ್ವರ್ತ್ ಯಾರು ಏನು ಹೇಳಿದರೂ ಹಾಗೇ ನಂಬುವ ಮನುಷ್ಯ. ಮೂವತ್ತು ವರ್ಷ ಬಿಸ್ಕತ್ತಿನ ಕಾರ್ಖಾನೆ ನಡೆಸಿ, ಎರಡು ತಿಂಗಳ ಹಿಂದಷ್ಟೇ ಕ್ಲಬ್ಬಿಗೆ ಅಧ್ಯಕ್ಷರಾಗಿ ಬಂದವರು. “ತುಂಬ ಉಪಕಾರವಾಯ್ತು,” ಅಂದು ಟೋಪಿ ಎತ್ತಿ ಹೊರಟುಹೋದರು. ಕ್ಲೈವ್ ಹೊರಬಂದಾಗ ತಲೆ, ಹೆಗಲು, ಮೀಸೆಯೆಲ್ಲ ಪುಕ್ಕ.

ಮಧ್ಯಾಹ್ನ ಒಂದರವರೆಗೆ ಅವನು ಕಾಲುವೆಯ ದಂಡೆಯಲ್ಲಿ ಅಲೆದ. ದಾರಿಯಲ್ಲಿ ಸಿಕ್ಕ ಅಂಚೆಯವನು ಕೈ ಕುಲುಕಿ ‘ಹೊಸ ವಿಳಾಸ ಬರೆದು ಕೊಡಿ’ ಅಂದ. ಪಾದ್ರಿಗಳು ಹೆಗಲ ಮೇಲೆ ಕೈಯಿಟ್ಟು ಸುದೀರ್ಘವಾಗಿ ನಿಟ್ಟುಸಿರುಬಿಟ್ಟರು. ಇದೆಲ್ಲ ಸಾಲದೆಂಬಂತೆ, ಮೈದಾನದ ಹಿಂಬಾಗಿಲಿಂದ ಕಳ್ಳನಂತೆ ಒಳಗೆ ಬಂದರೆ, ಅವನ ಕೋಣೆಯಲ್ಲಿ ಅವನದೇ ಕುರ್ಚಿಯ ಮೇಲೆ ಡಕ್ವರ್ತ್ ಕೂತಿದ್ದರು. ಮುಂದೆ ಮೇಜಿನ ಮೇಲೆ ಒಂದು ಉದ್ದನೆಯ ಲಕೋಟೆ. ಕಿಟಕಿಯಿಂದ ಅದನ್ನು ಕಂಡ ಕ್ಲೈವ್, ವಜಾ ಆದೇಶವೇ ಸರಿ ಎಂದುಕೊಂಡು ಬಗ್ಗಿಕೊಂಡೇ ಹಿಂದಕ್ಕೆ ಸರಿದ.

ಉಳಿದದ್ದು ಒಂದೇ ಜಾಗ, ಗ್ಯಾಲರಿಯ ಬೆನ್ನಿಗಿದ್ದ ಬೆರಿಲ್‌ಳ ಚಹದಂಗಡಿ. ಅರವತ್ತೆಂಟರ ಬೆರಿಲ್ ಅಲ್ಲಿ ನಲವತ್ತು ವರ್ಷದಿಂದ ಚಹ ಕಾಸುತ್ತಾ, ಆಟ ಶುರುವಾದಾಗಲೆಲ್ಲ ಗ್ಯಾಲರಿಯ ಮೂಲೆಗೆ ಹೋಗಿ ಇಣುಕುತ್ತಾ ಬಂದವಳು. ಚಹ ಕಾಸುವುದರಲ್ಲಿ ಅವಳ ಕೈಗುಣ ಊರಿಗೆಲ್ಲ ಗೊತ್ತು: ಆ ಚಹ ಕುಡಿದವರು ಮತ್ತೆ ಕೇಳುತ್ತಿರಲಿಲ್ಲ.

“ಬೆರಿಲಮ್ಮ, ನನ್ನ ಬಚ್ಚಿಡಿ!”

“ಅಯ್ಯೋ ನನ್ನ ಮಗನೇ, ಏನೋ ಇದು ಮೈತುಂಬ ಪುಕ್ಕ!” ಅಂದವಳೇ ತನ್ನ ಹೂವಿನ ಏಪ್ರನ್ ಬಿಚ್ಚಿ ಅವನಿಗೆ ಕಟ್ಟಿದಳು, ತಲೆಗೆ ತನ್ನ ಸ್ಕಾರ್ಫ್ ಸುತ್ತಿದಳು. “ಬಗ್ಗಿ ನಿಂತ್ಕೊ. ಯಾರಾದ್ರೂ ಬಂದ್ರೆ ಚಹ ಕೊಡು. ಬಾಯಿ ಮುಚ್ಕೊಂಡಿರು.”

ಕ್ಲೈವ್ ಜೇಬಿನಿಂದ ಒಂದು ಚೀಟಿ ತೆಗೆದ. ರಾತ್ರಿಯೆಲ್ಲ ಕೂತು ಬರೆದ ಆಟದ ಯೋಜನೆ ಅದು. ಬಾಣದ ಗುರುತುಗಳೇ ನಲವತ್ತು, ಎಲ್ಲವೂ ಪಕ್ಕಕ್ಕೆ. “ಇದನ್ನ ಹುಡುಗರಿಗೆ ಓದಿ ಹೇಳಿ. ಮೈದಾನದ ಗೆರೆ ಪಕ್ಕದಲ್ಲಿ ನನ್ನ ಸಹಾಯಕ ಸಿರಿಲ್ ಒಬ್ನೇ ನಿಂತಿರ್ತಾನೆ, ಪೆಟ್ಟು ಬಿದ್ದೋರಿಗೆ ಬಕೆಟ್ಟಿಂದ ಒದ್ದೆ ಸ್ಪಂಜು ಒತ್ತೋದು ಬಿಟ್ರೆ ಅವನಿಗೆ ಬೇರೇನೂ ಗೊತ್ತಿಲ್ಲ. ನೀವೇ ಸ್ವಲ್ಪ ನೋಡ್ಕೊಳ್ಳಿ, ಪ್ಲೀಸ್. ನನ್ನ ಕೆಲಸ ಉಳಿಯೋದು ಬಿಡೋದು ಇವತ್ತಿನ ಗೆಲುವಿನ ಮೇಲಿದೆ.”

ಬೆರಿಲ್ ಚೀಟಿ ಹಿಡಿದು ಸೊಂಟ ತಿರುಗಿಸಿಕೊಂಡು ಹೊರಟಳು. ಅವಳು ಕಣ್ಮರೆಯಾದ ಮೇಲೆ ಕ್ಲೈವ್ ನೋಡುತ್ತಾನೆ, ಅವಳ ಕನ್ನಡಕ ಸಕ್ಕರೆ ಡಬ್ಬಿಯ ಪಕ್ಕದಲ್ಲೇ ಇದೆ!

ಓಡಿಹೋಗಿ ಕೊಡೋಣವೆಂದು ಕಾಲೆತ್ತುವಷ್ಟರಲ್ಲಿ ಎದುರಿಗೆ ಡಕ್ವರ್ತ್ ನಿಂತಿದ್ದರು. ಕಂಕುಳಲ್ಲಿ ಅದೇ ಲಕೋಟೆ.

“ಒಂದು ಚಹ ಕೊಡಮ್ಮ. ಕ್ಲೈವ್‌ನ ಎಲ್ಲಾದರೂ ನೋಡಿದ್ಯಾ?”

“ಇಲ್ಲಾ ಸ್ವಾಮಿ,” ಅಂದ ಕ್ಲೈವ್, ಹಿಂಡಿದಂಥ ಸಣ್ಣ ದನಿಯಲ್ಲಿ. ಗಾಬರಿಯಲ್ಲಿ ಎರಡು ಹಿಡಿ ಹೆಚ್ಚಿಗೆ ಚಹಪುಡಿ ಬಿತ್ತು. ಡಕ್ವರ್ತ್ ಒಂದು ಗುಟುಕು ಕುಡಿದರು. ಹುಬ್ಬೇರಿಸಿದರು. ಇನ್ನೊಂದು ಗುಟುಕು ಕುಡಿದರು. “ಆಹಾ!” ಅನ್ನುತ್ತಾ ಲೋಟದ ಸಮೇತ ಹೋದರು.

ಮೂರಕ್ಕೆ ಸೀಟಿ ಕೇಳಿಸಿತು. ಅಂಗಡಿಯಿಂದ ಗ್ಯಾಲರಿಯ ಬೆನ್ನುಗೋಡೆ ಬಿಟ್ಟರೆ ಏನೂ ಕಾಣುವುದಿಲ್ಲ. ಕ್ಲೈವ್ ಬೆರಳು ಕಚ್ಚುತ್ತಾ ಕಿವಿಗೊಟ್ಟ. ಹತ್ತು ನಿಮಿಷಕ್ಕೆ ಭಾರೀ ಗದ್ದಲವಾಯಿತು. ಇಷ್ಟು ದೊಡ್ಡ ಗದ್ದಲ ಅವನ ಕಾಲದಲ್ಲಿ ತಂಡ ಗೋಲು ತಿಂದಾಗ ಮಾತ್ರ ಕೇಳಿದ್ದು. ‘ಹೋಯಿತು ಒಂದು’ ಎಂದು ತಲೆಯ ಮೇಲೆ ಕೈಹೊತ್ತ. ಅರ್ಧ ಗಂಟೆಗೆ ಇನ್ನೊಂದು ಗದ್ದಲ. ಅವನು ಸಕ್ಕರೆ ಡಬ್ಬಿಗೆ ಹಣೆ ಊರಿ ಕೂತುಬಿಟ್ಟ.

ಅರ್ಧ ಆಟಕ್ಕೆ ಜನ ಚಹಕ್ಕೆ ನುಗ್ಗಿದರು. ಮೊದಲು ಬಂದವನು ಅರ್ನೆಸ್ಟ್. ಸ್ಕಾರ್ಫಿನೊಳಗಿನ ಮೀಸೆ ಕಂಡದ್ದೇ ಗುರುತು ಹಿಡಿದ.

“ಮಾರಾಯ! ಎರಡು ಗೋಲು!”

“ಗೊತ್ತು ಬಿಡು. ನಾವು ತಿಂದದ್ದು.”

“ಯಾವನೋ ಹೇಳಿದ್ದು? ನಾವು ಹೊಡೆದದ್ದು! ಬೆರಿಲ್ ಚೀಟಿ ಮೂಗಿನ ತುದೀಗೆ ಹಿಡಿದು ನೋಡಿದ್ಲು, ಓದೋಕಾಗಲಿಲ್ಲ. ಹರಿದು ಎಸೆದು, ‘ಏ ಕತ್ತೆಗಳಾ, ಗೋಲು ಮುಂದಿದೆ, ಪಕ್ಕದಲ್ಲಲ್ಲ! ಮುಂದಕ್ಕೆ ಒದೀರೋ!’ ಅಂದ್ಲು. ಹುಡುಗ್ರು ಒದೆದ್ರು ನೋಡು!”

ಚೀಟಿ ಹರಿದ ಸುದ್ದಿಗೆ ಕ್ಲೈವ್‌ಗೆ ಒಳಗೆಲ್ಲೋ ಚುರುಕ್ಕೆಂದಿತು. ಆದರೇನು, ಎರಡು ಗೋಲು! ಕೆಲಸ ಉಳಿಯಿತು! ಅವನಿಗೆ ರೆಕ್ಕೆ ಬಂದಂತಾಯಿತು. ಇನ್ನೆರಡು ಕೆಟಲ್ ನೀರಿಟ್ಟ. ಚಹ ಹದವಾಗಿ ಕುದಿಸಿದ, ಹಾಲನ್ನು ಕೈಬಿಚ್ಚಿ ಸುರಿದ, ಒಬ್ಬೊಬ್ಬರಿಗೂ ‘ಸಕ್ಕರೆ ಎಷ್ಟು?’ ಎಂದು ಕೇಳಿ ಹಾಕಿದ. ನಲವತ್ತು ವರ್ಷದಲ್ಲಿ ಮೊದಲ ಬಾರಿಗೆ ಜನ ಎರಡನೆಯ ಲೋಟಕ್ಕೆ ಕೈಚಾಚಿದರು.

ಕೊನೆಯ ಸೀಟಿ ಊದಿದಾಗ ನಾಲ್ಕು–ಸೊನ್ನೆ. ಬೆರಿಲ್‌ಳನ್ನು ಹುಡುಗರು ಹೆಗಲ ಮೇಲೆ ಹೊತ್ತು ತಂದರು. ಹಿಂದೆ ಡಕ್ವರ್ತ್, ಅವರ ಹಿಂದೆ ಪೈ ಹಿಡಿದ ಮೋರೀನ್. ಇನ್ನೇಕೆ ಹೆದರಿಕೆ ಎಂದು ಕ್ಲೈವ್ ಸ್ಕಾರ್ಫ್ ಕಿತ್ತು ಎದೆಯುಬ್ಬಿಸಿ ನಿಂತ.

“ಅಯ್ಯೋ ಕ್ಲೈವ್, ನೀನಾ!” ಅಂದರು ಡಕ್ವರ್ತ್. “ಬೆಳಿಗ್ಗೆಯಿಂದ ನಿನ್ನ ಹುಡುಕಿ ಹುಡುಕಿ ಸಾಕಾಯ್ತಲ್ಲಪ್ಪ! ತಗೋ, ನೀನೇ ನೋಡು.”

ಲಕೋಟೆ ತೆರೆದರು. ಮೂರು ವರ್ಷದ ಹೊಸ ಕರಾರು. ಕ್ಲೈವ್ ಥ್ರಪ್, ಮುಖ್ಯ ಕೋಚ್. ಕೆಳಗೆ ಅಧ್ಯಕ್ಷರ ಸಹಿಯೂ ಬಿದ್ದಿತ್ತು. ಅವನ ಸಹಿಗೆಂದು ಚುಕ್ಕಿ ಗೆರೆ ಖಾಲಿಯಿತ್ತು.

“ಅಂದ್ರೆ... ಪೇಪರಲ್ಲಿ ಹೇಳಿದ್ದು...”

“ವಿಶ್ವಾಸ ಇದೆ ಅಂದೆ. ಇತ್ತು, ಅದಕ್ಕೇ ಅಂದೆ. ಇಲ್ಲದಿದ್ರೆ ಯಾಕಪ್ಪ ಹೇಳ್ತೀನಿ?”

ಕ್ಲೈವ್ ಒದ್ದೆ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡು ಪೆನ್ನಿಗೆ ಕೈಚಾಚಿದ. ಡಕ್ವರ್ತ್ ಕಾಗದವನ್ನು ಮೆಲ್ಲನೆ ಹಿಂದಕ್ಕೆಳೆದುಕೊಂಡರು. ಅವರ ಕಣ್ಣಲ್ಲಿ ನಿಜವಾದ ನೋವಿತ್ತು.

“ಮೂರು ಗಂಟೆವರೆಗೂ ಇತ್ತು ಕ್ಲೈವ್. ಏನ್ ಮಾಡ್ಲಿ ಹೇಳು? ನೀನಿದ್ದಾಗ ಒಂಬತ್ತು ಆಟದಲ್ಲಿ ಒಂದೂ ಗೆಲ್ಲಲಿಲ್ಲ. ನೀನಿಲ್ಲದ ಒಂದೇ ಒಂದು ಆಟದಲ್ಲಿ ನಾಲ್ಕು ಗೋಲು.” ಕ್ಲೈವ್‌ನ ಹೆಸರು ಹೊಡೆದು ಮೇಲೆ ‘ಬೆರಿಲ್’ ಎಂದು ಬರೆದರು.

“ನಾನು ರೆಡಿ,” ಅಂದಳು ಬೆರಿಲ್ ಹುಡುಗರ ಹೆಗಲ ಮೇಲಿಂದಲೇ. “ಆದ್ರೆ ಇಲ್ಲಿ ಚಹ ಕಾಸೋರು ಯಾರು?”

ಎಲ್ಲರೂ ಹೂವಿನ ಏಪ್ರನ್ ಕಡೆ ನೋಡಿದರು. ಡಕ್ವರ್ತ್ ಖಾಲಿ ಲೋಟ ಮುಂದಿಟ್ಟು, “ಈ ವಿಷಯದಲ್ಲಿ ಮಾತ್ರ ಇನ್ನೊಬ್ಬರನ್ನ ಹುಡುಕೋ ಮಾತೇ ಇಲ್ಲ,” ಅಂದರು.

ಕ್ಲೈವ್ ಮೋರೀನ್‌ಳ ಮುಖ ನೋಡಿದ. ಅವಳು ಚಹ ತೆಗೆದುಕೊಂಡು ಒಂದು ಗುಟುಕು ಕುಡಿದಳು.

“ಹಾಗಾದ್ರೆ ಊರು ಬಿಡೋದಿಲ್ವಲ್ಲ?”

“ಇಲ್ಲ. ಆದ್ರೆ ನಾನು...”

“ಮತ್ತೇನು ಮುಖ ಸಣ್ಣ ಮಾಡ್ಕೋತೀಯ? ಹದಿನೇಳು ವರ್ಷ ಆಡಿದೆ, ಆರು ವರ್ಷ ಆಡಿಸಿದೆ. ನಿನ್ನ ಕೈಕೆಲಸಕ್ಕೆ ಜನ ಸಾಲು ನಿಂತಿದ್ದನ್ನ ಇವತ್ತೇ ಕಣೋ ನಾನು ನೋಡ್ತಿರೋದು.”

ಕ್ಲೈವ್‌ಗೆ ಬೇಜಾರು ಮಾಡಿಕೊಳ್ಳಲು ಮನಸ್ಸೇನೋ ಇತ್ತು, ಪುರುಸೊತ್ತಿರಲಿಲ್ಲ. ಸಾಲಿನಲ್ಲಿ ಇನ್ನೂ ಅರವತ್ತು ಜನ ನಿಂತಿದ್ದರು.