ಡ್ರ್ಯಾಗನ್ ಸುಟ್ಟ ಪುಷ್ಪಾವತಿ

ಹಿತ್ತಲಾಚೆಯ ಕಣಿವೆಯಲ್ಲಿ ಕಾಯೋಟಿ ನರಿಗಳು ಊಳಿಡತೊಡಗಿದವು. ಸ್ಯಾನ್ ಡಿಯಾಗೋದ ಬಡಾವಣೆ ರ್ಯಾಂಚೊ ಪೆನಾಸ್ಕಿಟೋಸ್‌ನಲ್ಲಿ ಸಂಜೆಯಾಯಿತೆಂದರೆ ಹೀಗೇ. ಆದರೆ ಆ ಶನಿವಾರ ಪುಷ್ಪಾವತಿಗೆ ಅದು ಜಯಘೋಷದಂತೆ ಕೇಳಿಸಿತು. ಲಾಸ್ ಏಂಜಲೀಸಿನ ನಾರ್ತ್‌ರಿಜ್‌ನಲ್ಲಿ ಓದುವ ಮಗಳು ಅಕ್ಷಯಾ ಗೆಳೆಯರನ್ನು ಕರೆದುಕೊಂಡು ಮನೆಗೆ ಬಂದಿದ್ದಳು.

"ಈ ಸಲ ನಾನು ಒಂದು ಮಾತೂ ಆಡುವುದಿಲ್ಲ, ನೋಡಿ ನೀವು!" ಎಂದು ಪುಷ್ಪಾವತಿ ಗಂಡ ದೇವದಾಸರಿಗೆ ಸಾರಿದಳು. ಇಡೀ ಸ್ಯಾನ್ ಡಿಯಾಗೋದಲ್ಲಿ ಅಂಥ ಸಹನಾಮೂರ್ತಿ ಇನ್ನೊಬ್ಬಳಿರಲಿಲ್ಲ! ಆ ಸಹನೆ, ಮೊದಲ ಗೋಳಿಬಜೆ ಎಣ್ಣೆಯಿಂದ ಮೇಲೇಳುವವರೆಗೆ ಬಾಳಿತು.

ಊಟದ ಮೇಜಿನ ಮೇಲೆ ಆಟ ನಡೆದಿತ್ತು. ಒಬ್ಬೊಬ್ಬರೂ ಒಂದು ಪಾತ್ರ ಕಟ್ಟಿಕೊಂಡು, ದಾಳ ಉರುಳಿಸಿ, ಮಾಯಾಲೋಕದಲ್ಲಿ ಸಾಹಸ ಮಾಡುವ ಆಟ. ಅಕ್ಷಯಾಳ ಪಾತ್ರ ನಿಮೋರಾ ಎಂಬ ಬಿಲ್ಲುಗಾತಿ.

"ನಿಮೋರಾಳ ಫ್ಯಾಮಿಲಿ?" ಆಟ ನಡೆಸುತ್ತಿದ್ದ ಪ್ರತೀಕ್ ಕೇಳಿದ.

"ಆರ್ಫನ್. ಅಮ್ಮನ್ನ ಡ್ರ್ಯಾಗನ್ ಸುಟ್ಟುಬಿಡ್ತು."

ಎಣ್ಣೆ ತೊಟ್ಟಿಕ್ಕುವ ಸಟ್ಟುಗ ಹಿಡಿದೇ ಪುಷ್ಪಾವತಿ ಪ್ರತ್ಯಕ್ಷಳಾದಳು. "ಎಂತದು? ನಾನಿಲ್ಲಿ ನಿಮಗೆ ಗೋಳಿಬಜೆ ಕರೀತಾ ಇದ್ದೇನೆ, ನೀನಲ್ಲಿ ನನ್ನನ್ನು ಬೂದಿ ಮಾಡಿ ಕೂತಿದ್ದೀಯಾ!"

"ಅಮ್ಮಾ, ಇಟ್ಸ್ ನಾಟ್ ಯೂ! ಗೇಮಲ್ಲಿ ಎಲ್ಲರೂ ಆರ್ಫನ್ನೇ."

"ಎಲ್ಲರೂ? ನಿಕಿತಾ, ನಿನ್ನಮ್ಮ ಶಾಮಲಾ ಬೆಳಿಗ್ಗೆಯಷ್ಟೇ ಫೋನ್ ಮಾಡಿದ್ದಳು. ತಾನು ಸತ್ತದ್ದು ಗೊತ್ತುಂಟಾ ಅವಳಿಗೆ?"

"ಆಂಟಿ, ಪ್ಲೀಸ್ ಹೇಳ್ಬೇಡಿ!" ನಿಕಿತಾ ಕೈಮುಗಿದಳು.

ಪುಷ್ಪಾವತಿ ಒಲೆ ಆರಿಸಿ ಬಂದು ಕುರ್ಚಿ ಎಳೆದುಕೊಂಡಳು. ಇನ್ನು ನಿಮೋರಾಳ ತಾಯಿ ಬದುಕಿದ್ದಾಳೆ, ಆ ಪಾತ್ರ ತನ್ನದೇ! ಅಷ್ಟಕ್ಕೆ ನಿಂತಿತೇ? ಒಬ್ಬ ಅಜ್ಜಿ, ಮೂವರು ಸೋದರಮಾವಂದಿರು, ಮಾಂತ್ರಿಕರ ಮನೆಯಿಂದ ಬಂದ ಒಬ್ಬ ಅತ್ತಿಗೆ ಹುಟ್ಟಿಕೊಂಡರು. ಕೊಲ್ಲಬೇಕಾಗಿದ್ದ ದುಷ್ಟ ಮಾಂತ್ರಿಕ ಆ ಅತ್ತಿಗೆಗೆ ದೊಡ್ಡಪ್ಪನಾದ.

"ಸಂಬಂಧಿಕರ ಮೇಲೆ ಬಾಣ ಬಿಡುವುದುಂಟಾ?" ಯುದ್ಧ ರದ್ದಾಯಿತು.

ಪ್ರತೀಕ್ ಹಣೆ ಒರೆಸಿಕೊಂಡ. "ಓಕೆ. ನಿಮೋರಾ ಡ್ರ್ಯಾಗನ್ ಬೆಟ್ಟಕ್ಕೆ ಹೊರಟಿದ್ದಾಳೆ."

"ಯಾರ ಜೊತೆ?"

"ಒಬ್ಬಳೇ, ಆಂಟಿ."

"ಕಳಿಸುವುದಿಲ್ಲ."

"ನಾವೆಲ್ಲ ಜೊತೆಗೆ ಹೋದ್ರೆ?"

"ಅಲ್ಲಿ ಊಟಕ್ಕೆ ಎಂತ ಮಾಡ್ತೀರಿ? ಕತ್ತಲಾಗುವುದರೊಳಗೆ ವಾಪಸ್ ಬರ್ತೀರಾ?"

ದಾಳ ಉರುಳುವುದು ನಿಂತಿತು. ಮಾಯಾಲೋಕದ ಮಹಾವೀರರೆಲ್ಲ ನಿಮೋರಾಳ ಮನೆಯ ಜಗಲಿಯಲ್ಲಿ ಸಾಲಾಗಿ ಕೂತರು. ಹೊರಗೆ ಹೋಗಲು ಯಾರಿಗೂ ಅಪ್ಪಣೆಯಿರಲಿಲ್ಲ!

ಅಕ್ಷಯಾ ಅಪರೂಪಕ್ಕೆ ಪೂರ್ತಿ ಕನ್ನಡದಲ್ಲೇ, ಮೆಲ್ಲಗೆ ಹೇಳಿದಳು: "ಅಮ್ಮಾ, ಇದಕ್ಕೇ ನಿನ್ನನ್ನು ಸಾಯಿಸಿದ್ದು. ನೀನಿದ್ದರೆ ಕತೆ ಹೊಸಿಲು ದಾಟುವುದೇ ಇಲ್ಲ."

ಮಗಳನ್ನು ಲಾಸ್ ಏಂಜಲೀಸಿಗೆ ಓದಲು ಕಳಿಸುವಾಗಲೂ ತಾನು ಇವೇ ಪ್ರಶ್ನೆ ಕೇಳಿದ್ದೆನಲ್ಲ ಎಂದು ಪುಷ್ಪಾವತಿಗೆ ಹೊಳೆಯಿತು. ಅವಳು ಕುರ್ಚಿ ಸರಿಸಿ ಎದ್ದಳು.

"ಆಯ್ತು ಮಾರಾಯ್ತಿ, ಸಾಯ್ತೇನೆ. ಆದರೆ ಡ್ರ್ಯಾಗನ್‌ಗೆ ಹೇಳು, ಅಪ್ಪನಿಗಿಂತ ಮೊದಲು ನನ್ನನ್ನೇ ಸುಡಬೇಕು. ಮುತ್ತೈದೆಯಾಗಿ ಹೋಗಬೇಕು ನಾನು." ಎರಡು ಹೆಜ್ಜೆ ಹೋದವಳು ತಿರುಗಿ ನಿಂತಳು. "ಅಲ್ಲ, ಬೇಡ. ಆ ಮನುಷ್ಯನಿಗೆ ಒಂದು ಗ್ಲಾಸ್ ಚಹಾ ಮಾಡಿಕೊಳ್ಳಲಿಕ್ಕೂ ಬರುವುದಿಲ್ಲ, ನಾನು ಮೊದಲು ಹೋದರೆ ಅವರು..." ಎನ್ನುತ್ತಲೇ ಅಡಿಗೆಮನೆಗೆ ನಡೆದುಬಿಟ್ಟಳು.