ಅಪ್ಪನ ಕಾರು ಕುಡಿಯುವ ನೀರು

ಅಪ್ಪನಿಗೊಂದು ಅಭ್ಯಾಸವಿದೆ. ಬೆಳಿಗ್ಗೆ ಕಾಫಿ ಕುಡಿದ ಮೇಲೆ ಗೇಟಿನ ಪಕ್ಕ ನಿಂತಿರುವ ಕಾರಿನ ಹತ್ತಿರ ಹೋಗುತ್ತಾರೆ. ಕೈ ತಿರುಗಿಸಿ, ಮಗುವಿಗೆ ಜ್ವರ ಇದೆಯೇ ಎಂದು ನೋಡುವ ಹಾಗೆ ಹಿಂಗೈಯನ್ನು ಬಾನೆಟ್ಟಿನ ಮೇಲಿಡುತ್ತಾರೆ. ಕಾರು ನಾಲ್ಕು ದಿನದಿಂದ ಅಲ್ಲಾಡಿರುವುದಿಲ್ಲ. ಆದರೂ ಒಂದಷ್ಟು ಹೊತ್ತು ಇಟ್ಟು ನೋಡಿ, "ಪರವಾಗಿಲ್ಲ" ಎಂದು ಒಳಗೆ ಬರುತ್ತಾರೆ. ನನಗೆ ನಿಜವಾಗಿ ಜ್ವರ ಬಂದರೆ ಥರ್ಮಾಮೀಟರ್ ಎಲ್ಲಿದೆ ಅಂತ ಹೇಳಿ ಹೋಗುತ್ತಾರೆ.

ಹೀಗಾಗಿ ಮೈಸೂರಿನ ಬೋಗಾದಿಯ ನಮ್ಮ ಮನೆಯಲ್ಲಿ ಕಾರು ಓಡುವುದಕ್ಕಿಂತ ಕಾರಿನ ಸುತ್ತ ಏನಾದರೊಂದು ನಡೆಯುವುದೇ ಹೆಚ್ಚು. ಈ ವರ್ಷ ನಡೆದದ್ದರಲ್ಲಿ ನನ್ನ ಪಾಲೂ ಇತ್ತಾದ್ದರಿಂದ ಬರೆದಿಡುತ್ತಿದ್ದೇನೆ.

ಕೀ

ನಾನು ಗೋಕುಲಂನ ಒಂದು ಫಿಸಿಯೋಥೆರಪಿ ಕ್ಲಿನಿಕ್ಕಿನಲ್ಲಿ ಕೆಲಸ ಮಾಡುತ್ತೇನೆ. ಯೋಗ ಕಲಿಯಲು ವಿದೇಶದಿಂದ ಬಂದವರು ಮೂರನೇ ವಾರಕ್ಕೆ ಸೊಂಟ ಹಿಡಿದುಕೊಂಡು ನಮ್ಮಲ್ಲಿಗೆ ಬರುತ್ತಾರೆ. ಕೆಲಸ ಕಷ್ಟವಿಲ್ಲ, ಕಷ್ಟ ಇರುವುದು ಆಟೋದಲ್ಲಿ. "ಇಲ್ಲೇ ನಿಲ್ಸಿ" ಎಂದು ನಾನು ಹೇಳುತ್ತೇನೆ. ಅದು ನನಗೆ ಮಾತ್ರ ಕೇಳಿಸುತ್ತದೆ. ಕ್ಲಿನಿಕ್ ಹಿಂದೆ ಹೋಗುತ್ತದೆ, ಅದರ ಪಕ್ಕದ ಬೇಕರಿಯೂ ಹೋಗುತ್ತದೆ. ಕೊನೆಗೆ ಡ್ರೈವರಿಗೇ ಅನುಮಾನ ಬಂದು, "ಇನ್ನೂ ಮುಂದಾ ಮೇಡಂ?" ಎಂದು ತಿರುಗಿ ನೋಡಿದಾಗ "ಇಲ್ಲ, ಇಲ್ಲೇ" ಎಂದು ಅಲ್ಲೇ ಬೇಕಿತ್ತೇನೋ ಎಂಬಂತೆ ಇಳಿದು, ಆಟೋ ಮರೆಯಾಗುವವರೆಗೂ ಕಾದು, ವಾಪಸು ನಡೆಯುತ್ತೇನೆ.

ನಾನೇ ಕಾರು ಓಡಿಸಿದರೆ ಯಾರಿಗೂ ನಿಲ್ಲಿಸಿ ಅನ್ನಬೇಕಾಗಿಲ್ಲ. ಹಾಗಂದುಕೊಂಡೇ ಡ್ರೈವಿಂಗ್ ಕಲಿತು ಲೈಸೆನ್ಸ್ ತೆಗೆದುಕೊಂಡೆ. ಅಪ್ಪನ ಮುಂದೆ ನಿಂತು ಕೀ ಕೇಳಿದೆ.

ಅಪ್ಪ ಕಾಲೇಜೊಂದರ ಲ್ಯಾಬಿನಲ್ಲಿದ್ದು ನಿವೃತ್ತರಾದವರು. ಏನು ಕೇಳಿದರೂ ಮೊದಲು ಒಂದು ವೈವಾ ಇಡುತ್ತಾರೆ.

"ಎಂಜಿನ್ ಕಾದು ಸೀಯದ ಹಾಗೆ ಅದರ ಸುತ್ತ ಹರಿಯೋದು ಏನು?"

"ಕೂಲೆಂಟ್."

"ನಮ್ಮ ಕಾರಿಗೆ ಯಾವ ಕೂಲೆಂಟ್ ಸರಿ?"

ನಾನು ಕಿಟಕಿಯಿಂದ ಕಾರಿನ ಕಡೆ ನೋಡಿದೆ.

"ಗಾಡಿಗೆ ಏನು ಕುಡಿಸ್ಬೇಕು ಅಂತ ಗೊತ್ತಿಲ್ದೋರು ಗಾಡಿ ಓಡಿಸ್ಬಾರ್ದು. ನಾಲ್ಕು ಜನರನ್ನ ಕೇಳಿ ತಿಳ್ಕೊಂಡು ಬಾ, ಕೀ ನಿಂದೇ."

ಯಾರೊಂದಿಗೂ ಮಾತಾಡಬೇಕಾಗಿ ಬಾರದಿರಲಿ ಎಂದು ಕಾರು ಕೇಳಿದ್ದೆ. ಈಗ ಊರಿನವರನ್ನೆಲ್ಲ ಮಾತಾಡಿಸಬೇಕಾಯಿತು.

ಬೇಳೆ

ಮೊದಲು ಮನೆಯಲ್ಲೇ ವಿಚಾರಿಸಿದೆ. ಇಷ್ಟು ವರ್ಷ ಅಪ್ಪ ಏನು ಹಾಕುತ್ತಿದ್ದರು? ನೀರು. ಆದರೆ ಎಂಥ ನೀರು! ನಮ್ಮ ಬಡಾವಣೆಯ ಬೋರ್‌ವೆಲ್ ನೀರಿನಲ್ಲಿ ಸುಣ್ಣದ ಅಂಶ ಜಾಸ್ತಿ. ಗೀಸರ್ ಕಾಯಿಲ್ ಬಿಳಿಯಾಗುತ್ತದೆ, ನಲ್ಲಿ ಬಾಯಿ ಕಟ್ಟುತ್ತದೆ. ಅದಕ್ಕೇ ಸುಣ್ಣ ಎಂದರೆ ಅಪ್ಪನಿಗೆ ವೈರಿ. "ಹದಿನಾಲ್ಕು ವರ್ಷ ಆಯ್ತು, ಒಂದು ಕಾಳು ಸುಣ್ಣ ತಾಗ್ಸಿಲ್ಲ ನನ್ನ ರೇಡಿಯೇಟರಿಗೆ" ಎಂದು ಬಂದವರಿಗೆಲ್ಲ ಹೇಳುತ್ತಾರೆ. ಅಡುಗೆಮನೆಯ ಫಿಲ್ಟರಿನಿಂದ ನೀರು ಹಿಡಿದು, ಅದನ್ನು ಕುದಿಸಿ, ಆರಿಸಿ, ಬಟ್ಟೆಯಲ್ಲಿ ಸೋಸಿ, 'ಕಾರು' ಎಂದು ಚೀಟಿ ಅಂಟಿಸಿದ ಬಾಟಲಿಗಳಲ್ಲಿ ತುಂಬಿಡುತ್ತಾರೆ.

ಫಿಲ್ಟರ್ ಖಾಲಿಯಾದ ದಿನ ಅಮ್ಮ ಬೋರ್ ನೀರಿನಲ್ಲೇ ಅಡುಗೆ ಮಾಡಬೇಕು. ಬೋರ್ ನೀರಿನಲ್ಲಿ ತೊಗರಿಬೇಳೆ ಬೇಯುವುದಿಲ್ಲ. ಒಂದು ದಿನ ಕುಕ್ಕರ್ ಏಳು ಸಲ ಕೂಗಿದರೂ ಬೇಳೆ ಗುಂಡುಗುಂಡಾಗಿ ಹಾಗೇ ಇತ್ತು. ಅಪ್ಪ ತಟ್ಟೆ ನೋಡಿ, "ಏನೇ, ಸಾರಲ್ಲಿ ಬೇಳೆ ಹಾಗೇ ನಿಂತಿದೆಯಲ್ಲಾ?" ಎಂದರು.

"ಈ ಮನೇಲಿ ಬೇಳೆ ಬೇಯ್ಬೇಕು ಅಂದ್ರೆ ಅದನ್ನ ನಿಮ್ಮ ರೇಡಿಯೇಟರಿಗೇ ಹಾಕ್ಬೇಕು ಕಣ್ರೀ" ಎಂದರು ಅಮ್ಮ.

ಮ್ಯಾಚಿಂಗ್

ಬನ್ನಿಮಂಟಪದ ಕಡೆ ಒಂದು ಬಿಡಿಭಾಗಗಳ ಅಂಗಡಿಗೆ ಹೋದೆ. ಕೌಂಟರಿನ ಮುಂದೆ ಗಂಡಸರ ಗುಂಪು. ನನ್ನ ಸರದಿ ಮೂರು ಸಲ ಬಂದು ಮೂರು ಸಲವೂ ಹೋಯಿತು. ಹೇಳಬೇಕಾದದ್ದನ್ನು ಮನಸ್ಸಿನಲ್ಲಿ ಇಂಗ್ಲಿಷಿನಲ್ಲಿ ಜೋಡಿಸಿಕೊಂಡು ಕನ್ನಡಕ್ಕೆ ತಿರುಗಿಸುವಷ್ಟರಲ್ಲಿ ಯಾರೋ ನನ್ನ ತಲೆಯ ಮೇಲಿಂದ "ಬ್ರೇಕ್ ಶೂ ಕೊಡಿ" ಎನ್ನುತ್ತಿದ್ದರು. ಕೊನೆಗೆ ಅಂಗಡಿಯವರೇ ಕರೆದರು.

"ಏನು ಬೇಕಿತ್ತಮ್ಮ?"

"ಕೂಲೆಂಟ್."

"ಹಸ್ರಾ, ಕೆಂಪಾ, ನೀಲೀನಾ?"

ಬಣ್ಣದ ಮಾತು ಬರುತ್ತದೆಂದು ನಾನು ಅಂದುಕೊಂಡಿರಲಿಲ್ಲ. "ಯಾವುದು ಒಳ್ಳೇದು?"

"ಗಾಡಿ ಯಾವ ಬಣ್ಣ?"

"ಬಿಳಿ."

"ಬಿಳೀಗೆ ಯಾವ್ದಾದ್ರೂ ಹೊಂದುತ್ತೆ ಬುಡಿ."

ನಾನು ಏನೂ ಕೊಳ್ಳದೆ ನಿಂತಿದ್ದು ನೋಡಿ ಅವರಿಗೆ ಪಾಪ ಅನ್ನಿಸಿರಬೇಕು. ದನಿ ತಗ್ಗಿಸಿ, "ಏನ್ ಅವಸರ ಇಲ್ಲ ಕಣಮ್ಮ. ಮೈಸೂರು ಗಾಡಿ ತಾನೆ? ನಮ್ಮೂರೇ ತಣ್ಣಗಿದೆ" ಎಂದರು.

ಮೇಸ್ತ್ರಿ

ನಮ್ಮ ಬೀದಿಯ ಕೊನೆಯಲ್ಲಿ ಒಬ್ಬ ಮೆಕ್ಯಾನಿಕ್ ಇದ್ದಾರೆ. ಎಲ್ಲರೂ ಮೇಸ್ತ್ರಿ ಎನ್ನುತ್ತಾರೆ. ಕಾರಿನ ಕೆಳಗೆ ಮಲಗಿದ್ದರಿಂದ ಅವರ ಕಾಲುಗಳು ಮಾತ್ರ ಕಾಣುತ್ತಿದ್ದವು. ಮುಖ ನೋಡಬೇಕಾಗಿಲ್ಲವಾದ್ದರಿಂದ ನನಗೆ ಮಾತು ಸಲೀಸಾಗಿ ಬಂತು.

"ಮೇಸ್ತ್ರಿ, ಯಾವ ಕೂಲೆಂಟ್ ಹಾಕಿದ್ರೆ ಒಳ್ಳೇದು?"

"ಎಂಗೆ ಹೇಳಾದು? ಒಬ್ರು ಅಸ್ರು ಅಂತಾರೆ, ಒಬ್ರು ಕೆಂಪು ಅಂತಾರೆ. ನಾ ಏನ್ ಆಕುದ್ರೂ ಅದಲ್ಲ ಅಂತ ಇನ್ನೊಬ್ರು ಬತ್ತಾರೆ" ಎಂದವು ಕಾಲುಗಳು.

"ನಿಮ್ಮ ಕಾರಿಗೆ ನೀವು ಏನು ಹಾಕ್ತೀರಾ?"

ಕಾಲುಗಳು ಒಂದರ ಮೇಲೊಂದು ಏರಿ ಕೂತವು.

"ನಂದೆಲ್ಲೈತೆ ಕಾರು? ತಕೊಳಾವಾ ಅನ್ಕಂಡಿದ್ದೆ. ದಿನಾ ನಿಮ್ಮಂತೋರ್ನ ನೋಡಿ ನೋಡಿ ಆಸೆನೇ ಬುಟ್ಬುಟ್ಟೆ ಕಣಮ್ಮ."

ಒಳ್ಳೆಯದಕ್ಕೆ ಒಳ್ಳೆಯದು

ಎದುರುಮನೆ ಅಂಕಲ್ ಯಾರನ್ನೂ ಕೇಳುವವರಲ್ಲ. ಅವರ ಕಾರಿನಲ್ಲಿ ಹಸಿರು ಕೂಲೆಂಟ್ ಇತ್ತು. ಕಡಿಮೆಯಾಗಿದೆ ಎಂದು ಮೇಲಿಂದ ಕೆಂಪು ಸುರಿದಿದ್ದರು. ಕೆಲವು ವಾರಗಳ ನಂತರ ಗಾಡಿ ಕಾಯತೊಡಗಿತು. ಬಾನೆಟ್ ಎತ್ತಿ, ಅಪ್ಪನನ್ನೂ ಕರೆದರು. ನಾನು ಹಿಂದೆ ನಿಂತು ನೋಡಿದೆ. ಎಂಜಿನ್ ಪಕ್ಕದ ಕೂಲೆಂಟ್ ಬಾಟಲಿಯಲ್ಲಿ ಹಸಿರೂ ಇರಲಿಲ್ಲ, ಕೆಂಪೂ ಇರಲಿಲ್ಲ. ರಾಗಿ ಅಂಬಲಿಯಂಥದ್ದೇನೋ ಗಟ್ಟಿಯಾಗಿ ಕೂತಿತ್ತು. ಅಪ್ಪ ಕಡ್ಡಿ ಹಾಕಿ ತಿರುವಿದರು. ಕಡ್ಡಿ ನೆಟ್ಟಗೆ ನಿಂತಿತು.

"ಅದೂ ಒಳ್ಳೇ ಕಂಪ್ನೀದು, ಇದೂ ಒಳ್ಳೇ ಕಂಪ್ನೀದು" ಎಂದರು ಅಂಕಲ್, ಮೋಸ ಹೋದವರ ಹಾಗೆ. "ಒಳ್ಳೇದಕ್ಕೆ ಒಳ್ಳೇದು ಸೇರಿದ್ರೆ ಇನ್ನೂ ಒಳ್ಳೇದಾಗ್ಬೇಕಿತ್ತಲ್ವಾ ಸಾರ್?"

ಆಂಟಿ ರಂಗೋಲಿ ಡಬ್ಬಿ ಹಿಡಿದು ಗೇಟಿನಲ್ಲಿ ನಿಂತಿದ್ದರು.

"ನಮ್ಮಿಬ್ರ ಜಾತಕ ನೋಡ್ದೋರೂ ಹಿಂಗೇ ಹೇಳಿದ್ರು" ಎಂದು ಒಳಗೆ ಹೋದರು.

ಪುಸ್ತಕ

ಅಂಕಲ್ಲನ್ನೂ ಸೇರಿಸಿ ನಾಲ್ಕು ಜನರ ಲೆಕ್ಕ ಮುಗಿದಿತ್ತು. ಇನ್ನು ಉಳಿದದ್ದು ಕಾರು ಮಾಡಿದವರು. ಕಾರಿನ ಜೊತೆ ಒಂದು ಪುಸ್ತಕ ಕೊಟ್ಟಿರುತ್ತಾರಲ್ಲ ಎಂದು ಹುಡುಕಿದೆ. ಡ್ಯಾಶ್‌ಬೋರ್ಡಿನಲ್ಲಿ ಇರಲಿಲ್ಲ. ಅಮ್ಮನ ಬೀರುವಿನಲ್ಲಿ, ರೇಷ್ಮೆ ಸೀರೆಗಳ ನಡುವೆ, ಪ್ಲಾಸ್ಟಿಕ್ ಕವರಿನ ಅಂಟು ಕೂಡ ಬಿಡದೆ ಇತ್ತು.

"ಬಿಚ್ಬೇಡ, ಹೊಸದು" ಎಂದರು ಅಪ್ಪ. ಹದಿನಾಲ್ಕು ವರ್ಷದ ಹೊಸದು.

ಬಿಚ್ಚಿದೆ. ಒಂದೇ ಪುಟದಲ್ಲಿ ಎಲ್ಲವೂ ಇತ್ತು. ಬಣ್ಣ ನೋಡಿ ಕೊಳ್ಳಬೇಡಿ, ಈ ಗುಣಮಟ್ಟದ ಹೆಸರು ಡಬ್ಬದ ಮೇಲಿದೆಯೇ ನೋಡಿ. ಎರಡು ಬಗೆಯದನ್ನು ಬೆರೆಸಬೇಡಿ. ಬರೀ ನೀರು ಹಾಕಬೇಡಿ. ಎಂಜಿನ್ ಬಿಸಿಯಿದ್ದಾಗ ಮುಚ್ಚಳ ತೆಗೆಯಬೇಡಿ. ನಾನು ಓದಿದೆ. ಅಪ್ಪ ಮತ್ತೊಮ್ಮೆ ಓದಿಸಿದರು. 'ಬರೀ ನೀರು ಹಾಕಬೇಡಿ' ಎಂಬಲ್ಲಿಗೆ ಬಂದಾಗ ಕನ್ನಡಕ ತೆಗೆದು ಒರೆಸಿಕೊಂಡರು. ಅಡುಗೆಮನೆಯಲ್ಲಿ ಪಾತ್ರೆ ಸದ್ದು ನಿಂತಿತು.

"ನಿನ್ನ ಇಂಗ್ಲಿಷ್ ಮೀಡಿಯಂಗೆ ಹಾಕಿದ್ದು ಇವತ್ತು ಸಾರ್ಥಕ ಆಯ್ತು" ಎಂದರು ಅಪ್ಪ.

"ಒಂದು ಪುಟಕ್ಕಾದರೂ" ಎಂದರು ಅಮ್ಮ ಒಳಗಿಂದ.

ಕೀ ಕೇಳಿದೆ. "ಆಯುಧಪೂಜೆ ಆಗ್ಲಿ. ಪೂಜೆ ಆದ್ಮೇಲೆ ಮೊದಲ ರೌಂಡು ನೀನೇ" ಎಂದರು ಅಪ್ಪ.

ಆರತಿ

ಪುಸ್ತಕದಲ್ಲಿದ್ದ ಹೆಸರಿನ ಕೂಲೆಂಟ್ ತಂದೆವು. ಅದರ ಬಣ್ಣ ಕೆಂಪಾಗಿತ್ತು. ಹಬ್ಬದ ಹಿಂದಿನ ದಿನ ಮೇಸ್ತ್ರಿ ಹಳೇ ನೀರನ್ನೆಲ್ಲ ತೆಗೆದು, ತೊಳೆದು, ಹೊಸದನ್ನು ತುಂಬಿಸಿದರು. "ನಾಳೆ ಒತ್ಗೆ ಬಾಟ್ಲೀಲಿ ವಸಿ ಇಳ್ದಿರ್ತದೆ. ಗೆರೆ ಗಂಟ ಆಕ್ಬುಡಿ" ಎಂದು ಹೇಳಿ ಹೋದರು.

ಆಯುಧಪೂಜೆಯ ಬೆಳಿಗ್ಗೆ ಕಾರನ್ನು ತೊಳೆದು, ಚೆಂಡು ಹೂವಿನ ಹಾರ ಹಾಕಿ, ನಾಲ್ಕು ಚಕ್ರದ ಕೆಳಗೂ ನಿಂಬೆಹಣ್ಣು ಇಟ್ಟಾಯಿತು. ಡಬ್ಬದಿಂದ ನೇರವಾಗಿ ಸುರಿದರೆ ಚೆಲ್ಲುತ್ತದೆಂದು ಅಪ್ಪ ಉಳಿದ ಕೂಲೆಂಟಿನಲ್ಲಿ ಒಂದಷ್ಟನ್ನು ಸ್ಟೀಲ್ ಚೊಂಬಿಗೆ ಬಗ್ಗಿಸಿ ಮೆಟ್ಟಿಲ ಮೇಲಿಟ್ಟು, ಬಾನೆಟ್ ಎತ್ತಲು ಹೋದರು. ಅಷ್ಟರಲ್ಲಿ ಅಮ್ಮ ಆರತಿ ನೀರು ತಂದರು. ನೀರಿಗೆ ಅರಿಶಿನ, ಸುಣ್ಣ ಕದಡಿದರೆ ಕೆಂಪಾಗುತ್ತದಲ್ಲ, ಅದು. ಕಾರು, ಸ್ಕೂಟರ್, ಮಿಕ್ಸಿ, ಹೊಲಿಗೆ ಮಿಷನ್, ಎಲ್ಲಕ್ಕೂ ಆರತಿ ಆಗಬೇಕಾದ್ದರಿಂದ ಅವರೂ ಚೊಂಬಿನಲ್ಲೇ ಕದಡಿದ್ದರು. ಅದನ್ನು ಅದೇ ಮೆಟ್ಟಿಲ ಮೇಲಿಟ್ಟು ತಟ್ಟೆ ತರಲು ಒಳಗೆ ಹೋದರು. ಎರಡೂ ಚೊಂಬು ಅಮ್ಮನ ಮದುವೆಗೆ ಬಂದ ಜೋಡಿ.

ಅಪ್ಪ ಬಂದು ಒಂದು ಚೊಂಬು ಎತ್ತಿಕೊಂಡರು. ಬಗ್ಗಿ, ಉಸಿರು ಹಿಡಿದು, ಗೆರೆಯವರೆಗೆ ಸುರಿದು, ಮುಚ್ಚಳ ಹಾಕಿ, ಬಾನೆಟ್ ಇಳಿಸಿದರು. ಖಾಲಿ ಚೊಂಬನ್ನು ನನ್ನ ಕೈಗೆ ಕೊಟ್ಟರು. ಅಮ್ಮ ಬಂದು ಇನ್ನೊಂದನ್ನು ತಟ್ಟೆಗೆ ಬಗ್ಗಿಸಿಕೊಂಡರು.

"ಈ ಸಲ ಬಣ್ಣ ಎಷ್ಟು ಚೆನ್ನಾಗಿ ಬಂದಿದೆ ನೋಡ್ರೀ! ಫಳಫಳ ಅಂತಿದೆ."

ಆರತಿ ಎತ್ತಿದರು. ತಟ್ಟೆಗೆ ಬೆರಳದ್ದಿ ಬಾನೆಟ್ಟಿಗೊಂದು, ಅಪ್ಪನ ಹಣೆಗೊಂದು ಬೊಟ್ಟಿಟ್ಟರು. ಅಪ್ಪನ ಬೊಟ್ಟು ನಿಲ್ಲದೆ ಮೂಗಿನ ಮೇಲೆ ಜಾರಿ ಬಂತು. ಮೂರು ಸುತ್ತು ನೀವಾಳಿಸಿ, ದೃಷ್ಟಿಯೆಲ್ಲ ಹೋಗಲಿ ಎಂದು ತಟ್ಟೆಯಲ್ಲಿದ್ದದ್ದನ್ನು ಗೇಟಿನ ಮುಂದೆ ಚೆಲ್ಲಿದರು. ಅಪ್ಪ ನಿಂಬೆಹಣ್ಣಿನ ಮೇಲೆ ಗಾಡಿ ಹತ್ತಿಸಲು ಒಳಗೆ ಕೂತು ಕೀ ಹಾಕಿದರು.

ಆಗ ನಾನು ಕೈಯಲ್ಲಿದ್ದ ಚೊಂಬಿನೊಳಗೆ ನೋಡಿದೆ. ತಳದಲ್ಲಿ ಅರಿಶಿನದ ಗಸಿ ಇತ್ತು. ಅದರ ಪಕ್ಕದಲ್ಲಿ ಕರಗದೆ ಉಳಿದ ಒಂದು ಕಾಳು ಸುಣ್ಣ.

"ನಿಲ್ಸೀ!"

ಅದು ನನ್ನ ದನಿ ಎಂದು ನನಗೇ ತಡವಾಗಿ ಗೊತ್ತಾಯಿತು. ಎದುರುಮನೆ ಅಂಕಲ್ ಒಡೆಯಲು ಎತ್ತಿದ ಬೂದುಗುಂಬಳವನ್ನು ಹಾಗೇ ಹಿಡಿದು ನಿಂತರು. ಅಪ್ಪನ ಕೈ ಕೀಯ ಮೇಲೇ ನಿಂತಿತು. ರಸ್ತೆಯಲ್ಲಿ ಬಾಳೆಕಂದು ಕಟ್ಟಿಕೊಂಡು ತನ್ನ ಪಾಡಿಗೆ ಹೋಗುತ್ತಿದ್ದ ಒಂದು ಆಟೋ ಗಕ್ಕನೆ ಬ್ರೇಕ್ ಹಾಕಿ, ರಿವರ್ಸ್ ಬಂದು, ನಮ್ಮ ಗೇಟಿನ ಮುಂದೆ ನಿಂತಿತು.

"ಎಲ್ಲಿಗೆ ಮೇಡಂ?" ಎಂದ ಡ್ರೈವರ್.

ನಾನು ಚೊಂಬನ್ನು ಅಪ್ಪನಿಗೆ ತೋರಿಸಿದೆ. ಅಪ್ಪ ಚೊಂಬು ನೋಡಿದರು, ಅಮ್ಮನ ಕೈಯ ತಟ್ಟೆ ನೋಡಿದರು, ಮೂಗು ಒರೆಸಿಕೊಂಡು ಬೆರಳು ನೋಡಿಕೊಂಡರು.

"ಸುಣ್ಣ" ಎಂದರು ಮೆಲ್ಲಗೆ. "ನಾನೇ ಹಾಕ್ದೆ."

"ಅಯ್ಯೋ, ಹಂಗಾದ್ರೆ ನಾನು ಆರತಿ ಮಾಡಿದ್ದು ಯಾತ್ರಲ್ಲಿ?" ಎಂದರು ಅಮ್ಮ.

ಎಂಜಿನ್ ಶುರುವಾಗಿರಲಿಲ್ಲವಾದ್ದರಿಂದ ಸುಣ್ಣ ಇನ್ನೂ ಪಕ್ಕದ ಬಾಟಲಿಯಲ್ಲೇ ಇದೆ, ಒಳಗೆ ಹೋಗಿಲ್ಲ, ಬಾಟಲಿ ಬಿಚ್ಚಿ ತೊಳೆದರೆ ಸಾಕು. ಇದನ್ನು ನಾನು ಹೇಳಿದೆ. ಪುಸ್ತಕದ ಚಿತ್ರ ನೆನಪಿತ್ತು. ಬಿಚ್ಚಿದವಳೂ ನಾನೇ, ತೊಳೆದವಳೂ ನಾನೇ. ಡಬ್ಬದ ತಳದಲ್ಲಿ ಉಳಿದಿದ್ದ ಕೂಲೆಂಟ್ ಕೆಳಗಿನ ಗೆರೆಯ ಮೇಲಕ್ಕೆ ಬರುವಷ್ಟು ಆಯಿತು. ಗೇಟಿನ ಮುಂದೆ ಚೆಲ್ಲಿದ್ದು ಸಿಹಿ ವಿಷ, ಬೀದಿನಾಯಿ ನೆಕ್ಕೀತೆಂದು ನಾಲ್ಕು ಬಕೆಟ್ ನೀರು ಸುರಿದು ತೊಳೆದೆ, ಬೋರ್ ನೀರು. ಆಟೋದವನು ಇಷ್ಟನ್ನೂ ಸೀಟಿಗೆ ಒರಗಿಕೊಂಡು ನೋಡಿದ.

ಎಲ್ಲ ಮುಗಿದ ಮೇಲೆ ಸೆರಗಿಗೆ ಕೈ ಒರೆಸಿಕೊಂಡು ಅಪ್ಪನ ಮುಂದೆ ನಿಂತೆ.

"ಅಪ್ಪ, ಪೂಜೆ ಆಯ್ತು. ಕೀ ಕೊಡ್ತೀರಾ?"

ಅಪ್ಪ ಕೈ ತಿರುಗಿಸಿ ಹಿಂಗೈಯನ್ನು ಬಾನೆಟ್ಟಿನ ಮೇಲಿಟ್ಟು ನೋಡಿದರು. ಆಮೇಲೆ ಅದೇ ಕೈಯನ್ನು ತಮ್ಮ ಹಣೆಯ ಮೇಲಿಟ್ಟು ನೋಡಿಕೊಂಡರು.

"ಮೇಡಂ, ಆಟೋ ಬೇಕಾ ಬೇಡ್ವಾ, ಅದೊಂದು ಹೇಳ್ಬುಡಿ" ಎಂದ ಡ್ರೈವರ್.

ಅಪ್ಪ ಕೀ ವಿಷಯ ಹೇಳದೆ ನಾನು ಅವನಿಗೆ ಆಟೋ ವಿಷಯ ಹೇಳುವ ಹಾಗಿರಲಿಲ್ಲ.