ಹೆಬ್ಬೆರಳಿನಿಂದ ಓದಿದ ಮ್ಯಾಗ್ನಮ್

ಕನ್ನಡಕ ಹಾಕಿಕೊಳ್ಳಲು ನಾಚುವ ಮನುಷ್ಯ ಎಲ್ಲಿ ಬೇಕಾದರೂ ಕೆಲಸ ಮಾಡಲಿ, ಬಂದೂಕಿನ ಅಂಗಡಿಯಲ್ಲಿ ಮಾತ್ರ ಮಾಡಬಾರದು. ನಾನು ಮಾಡಿದೆ. ನಾಂಪಲ್ಲಿಯ ಅಂಗಡಿಯೊಂದರಲ್ಲಿ ಇಪ್ಪತ್ತೆರಡು ವರ್ಷ ಕೌಂಟರಿನ ಹಿಂದೆ ಕೂತ ನನಗೆ, ಕಾಡತೂಸನ್ನು ಬೆರಳಿನಿಂದಲೇ ಗುರುತಿಸುವವನೆಂಬ ಹೆಸರಿತ್ತು. ಹೆಸರು ಇಟ್ಟವನೂ ನಾನೇ. ಮನೆಯಲ್ಲಿ ಹೆಂಡತಿ ಮಾತ್ರೆಯ ಚೀಟಿ ಓದಲು ಕೊಟ್ಟರೆ ಡಾಕ್ಟರರ ಅಕ್ಷರವನ್ನು ಬೈದು ತಪ್ಪಿಸಿಕೊಳ್ಳುತ್ತಿದ್ದೆ. ಅದು ಅಚ್ಚಾದ ಚೀಟಿಯೆಂದು ಅವಳು, ಪಾಪ, ಹೇಳುತ್ತಿರಲಿಲ್ಲ.

ಕಾಡತೂಸಿನ ಹೆಸರಿನಲ್ಲಿ ಮ್ಯಾಗ್ನಮ್ ಎಂಬುದು ಹೋಟೆಲಿನ 'ಸ್ಪೆಷಲ್' ಇದ್ದ ಹಾಗೆ. ಮದ್ದು ಹೆಚ್ಚಿದೆ ಎನ್ನುತ್ತದೆ, ಯಾವ ಅಳತೆಯದು ಎಂದು ಹೇಳುವುದಿಲ್ಲ. ಹಲವು ಮ್ಯಾಗ್ನಮ್‌ಗಳಿಗೆ ತಳದ ಹತ್ತಿರ ಬಳೆಯಂಥ ಉಬ್ಬು ಒಂದೇ ಥರ ಇರುತ್ತದೆ. ಪೂರ್ತಿ ಹೆಸರು ತಳದಲ್ಲಿ ಕೊರೆದಿರುತ್ತದೆ, ರೈಫಲ್ಲಿನ ನಳಿಗೆಯ ಮೇಲೂ ಇರುತ್ತದೆ. ಎರಡೂ ಅಕ್ಷರಕ್ಕೆ ಅಕ್ಷರ ಕೂಡಬೇಕು. ನಳಿಗೆಯ ಬುಡದ ಚೇಂಬರಿನಲ್ಲಿ ಹೋಗಿ ಕೂತ ಮಾತ್ರಕ್ಕೆ ಸರಿ ಎಂದಲ್ಲ. ಇದನ್ನು ಎಷ್ಟೋ ಗಿರಾಕಿಗಳಿಗೆ ಉಪದೇಶ ಮಾಡಿದ್ದೇನೆ.

ಕಾಚಿಗೂಡದ ಶರಣಪ್ಪನವರು ನಮ್ಮ ಕಲಬುರಗಿ ಕಡೆಯವರು. ತೀರಿಕೊಂಡ ಅಣ್ಣನ ಮುನ್ನೂರು ಮ್ಯಾಗ್ನಮ್ ರೈಫಲ್ಲನ್ನು ತಮ್ಮ ಹೆಸರಿಗೆ ಮಾಡಿಸಿಕೊಂಡು, ಅಣ್ಣನ ಕಾಡತೂಸುಗಳನ್ನು ಉಸ್ಮಾನಿಯಾ ಬಿಸ್ಕತ್ತಿನ ಡಬ್ಬಿಯಲ್ಲಿ ತಂದರು. ಶೂಟಿಂಗ್ ರೇಂಜಿಗೆ ಹೋಗುವ ಮೊದಲು ಒಮ್ಮೆ ನೋಡಿಕೊಡಿ ಎಂದರು. ನಾನು ನೋಡಲಿಲ್ಲ, ಮುಟ್ಟಿದೆ. ಬಳೆ ಸಿಕ್ಕಿತು. ಮ್ಯಾಗ್ನಮ್ಮೇ, ಧಾರಾಳವಾಗಿ ಹೊಡೆಯಿರಿ ಎಂದು ಚಹಾ ತರಿಸಿದೆ.

ಹದಿನೈದು ದಿನಕ್ಕೆ ಅವರ ಹೆಂಡತಿ ಮಹಾದೇವಮ್ಮ ಒಬ್ಬರೇ ಬಂದರು. ಕರವಸ್ತ್ರ ಬಿಚ್ಚಿ, ಉದ್ದಕ್ಕೆ ಸೀಳಿದ, ಹೊಡೆದ ಕಾಡತೂಸಿನ ಹಿತ್ತಾಳೆಯ ಕೊಳವೆಯೊಂದನ್ನು ಮುಂದಿಟ್ಟರು. ಬಿಸಿ ಹೊಗೆ ಹಿಂದಕ್ಕೆ ನುಗ್ಗಿ ಶರಣಪ್ಪನವರ ಬಲಗಣ್ಣು ಹೋಗಿತ್ತು. ರೇಂಜಿನವರು 'ಹಳೆಯ ಮಾಲು' ಎಂದು ಬರೆದು ಕೈತೊಳೆದುಕೊಂಡಿದ್ದರು.

"ತಳದಾಗ ಏನ್ ಬರದೈತಿ, ಓದ್ರಿ," ಎಂದರು.

ಕೈ ಚಾಚಿ ಹಿಡಿದೆ, ಬಲ್ಬಿನ ಕೆಳಗೆ ಹಿಡಿದೆ, ಅಂಗಡಿಯಲ್ಲಿ ಬೆಳಕು ಕಡಿಮೆ ಎಂದೂ ಹೇಳಿಬಿಟ್ಟೆ. ಅಂಥ ಹೊತ್ತಿನಲ್ಲೂ ಸುಳ್ಳು ಹೇಳಿದ ನನ್ನ ಬಗ್ಗೆ ನನಗೇ ಹೇಸಿಗೆಯಾಯಿತು. ಅವರು ಚೀಲದಿಂದ ಒಂದು ಕನ್ನಡಕ ತೆಗೆದರು.

"ಇದು ನಮ್ಮವರ ಚಷ್ಮಾರಿ. ಹಾಕ್ಕೊಂಡು ಓದ್ರಿ."

ಹಾಕಿಕೊಂಡೆ. ಏಳು ಎಂಎಂ ಮ್ಯಾಗ್ನಮ್ ಎಂದಿತ್ತು. ಶರಣಪ್ಪನವರ ಅಣ್ಣ ಎಂದೋ ಮಾರಿದ್ದ ಇನ್ನೊಂದು ರೈಫಲ್ಲಿನದು. ಮುನ್ನೂರರ ಚೇಂಬರಿನಲ್ಲಿ ಅದು ತುಸು ಸಡಿಲವಾಗಿ, ತಕರಾರಿಲ್ಲದೆ ಕೂರುತ್ತದೆ, ಹೊಡೆದಾಗ ಸೀಳಿಹೋಗುತ್ತದೆ. ಒಂದೊಂದು ಅಕ್ಷರವೂ ಸ್ಪಷ್ಟವಾಗಿ ಕಂಡಿತು. ಶರಣಪ್ಪನವರ ಚಷ್ಮಾದ ನಂಬರು ನನ್ನ ಕಣ್ಣಿಗೆ ಸರಿಯಾಗಿ ಹೊಂದಿತ್ತು.

ಮಹಾದೇವಮ್ಮ ಆ ಕನ್ನಡಕವನ್ನು ವಾಪಸು ಕೇಳಲಿಲ್ಲ. ಅದನ್ನೇ ಹಾಕಿಕೊಂಡು ಎರಡೆರಡು ಸಲ ಓದುವ ನನ್ನನ್ನು ಈಗ ಗಿರಾಕಿಗಳು ಬಹಳ ಜತನದ ಮನುಷ್ಯ ಎನ್ನುತ್ತಾರೆ. ಕನ್ನಡಕ ಎಲ್ಲಿ ಮಾಡಿಸಿದಿರಿ ಎಂದು ಯಾರಾದರೂ ಕೇಳಿದರೆ ಮಾತ್ರ, ಬೆಳಕು ಕಡಿಮೆ ಎಂದು ಬಲ್ಬಿನ ಕಡೆ ತಿರುಗುತ್ತೇನೆ.